ಬಸ್ ಸ್ಟ್ಯಾಂಡ್‌ವರೆಗೆ ಬಂದು ವಾಪಸ್ ಹೋದ ಹುಡುಗ

ಈ ಪ್ರಕರಣದ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಹುಡುಗ ಒಪ್ಪಿದ್ದಾನೆ. ಅವನ ಹೆಸರು, ಹಾಡಿಯ (ಬುಡಕಟ್ಟು ಜನರ ಊರು) ಹೆಸರು, ಕಾಲೇಜಿನ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಇಂಥ ಮಕ್ಕಳು ಪ್ರತಿ ವರ್ಷ ನನ್ನ ಮುಂದೆ ಬಂದು ಕೂರುತ್ತಾರೆ. ಬಾರದೇ ಉಳಿಯುವವರು ಅದಕ್ಕಿಂತ ಜಾಸ್ತಿ. ಬರೆಯಲು ಕೂತದ್ದು ಅವರಿಗಾಗಿ.

ನಾಗರಹೊಳೆ ಕಾಡಿನ ಅಂಚಿನ ಒಂದು ತಾಲ್ಲೂಕಿನ ಪದವಿ ಕಾಲೇಜಿಗೆ ನಾನು ಆಪ್ತಸಲಹೆಗಾರ್ತಿಯಾಗಿ ವಾರಕ್ಕೆ ಎರಡು ದಿನ ಹೋಗುತ್ತೇನೆ. ಜೇನುಕುರುಬ, ಬೆಟ್ಟಕುರುಬ, ಯರವ ಬುಡಕಟ್ಟುಗಳ ಮಕ್ಕಳು ಅಲ್ಲಿ ಓದುತ್ತಾರೆ. ಒಂದನೇ ತರಗತಿಯಿಂದ ಆಶ್ರಮ ಶಾಲೆ (ಬುಡಕಟ್ಟು ಮಕ್ಕಳ ಸರ್ಕಾರಿ ವಸತಿ ಶಾಲೆ), ಆಮೇಲೆ ಹಾಸ್ಟೆಲ್, ಮತ್ತೆ ಹಾಸ್ಟೆಲ್. ಹೀಗೆ ಬಂದವರು. ಪದವಿವರೆಗೆ ಬರುವ ಜೇನುಕುರುಬ ಮಕ್ಕಳು ಇಂದಿಗೂ ತೀರಾ ಕಡಿಮೆ. ಹಾಗಾಗಿ ಒಬ್ಬ ಬಿಟ್ಟು ಹೋದರೂ ಅದು ನನಗೆ ಚಿಕ್ಕ ಲೆಕ್ಕ ಅಲ್ಲ.

ಹುಡುಗ ಬಿ.ಎ. ಎರಡನೇ ವರ್ಷದವನು. ಅವನನ್ನು ಕಳಿಸಿಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಓದಿನಲ್ಲಿ ಆಸಕ್ತಿ ಇಲ್ಲ. ಆಗಾಗ ಕಾಣೆಯಾಗುತ್ತಾನೆ. ಬುದ್ಧಿ ಹೇಳಿ.’ ಚೀಟಿ ತಂದ ಉಪನ್ಯಾಸಕರು ಒಳ್ಳೆಯ ಮನುಷ್ಯರೇ. ಮಕ್ಕಳಿಗೆ ಕೈಯಿಂದ ದುಡ್ಡು ಕೊಟ್ಟು ಪುಸ್ತಕ ತರಿಸಿದವರು. ಅವರೂ ಬಾಗಿಲಲ್ಲಿ ನಿಂತು, ‘ಏನು ಮಾಡೋದು ಮೇಡಂ, ಇವರನ್ನ ಕಾಡು ಎಳೆಯುತ್ತೆ’ ಅಂದರು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ.

ಜನವರಿಯಲ್ಲಿ ಅವನು 26 ದಿನ ಕಾಲೇಜಿಗೆ ಬಂದಿರಲಿಲ್ಲ. ಅಜ್ಜಿ ತೀರಿಕೊಂಡಿದ್ದರು ಅನ್ನುವುದಷ್ಟೇ ಗೊತ್ತಿತ್ತು. ಮೊದಲ ಎರಡು ಭೇಟಿಯಲ್ಲಿ ಅವನು ಮಾತೇ ಆಡಲಿಲ್ಲ. ಕೇಳಿದ್ದಕ್ಕೆಲ್ಲ ‘ಹೂಂ ಮೇಡಂ’, ‘ಇಲ್ಲ ಮೇಡಂ’. ಕಣ್ಣು ನೆಲದ ಮೇಲೆ. ‘ಇನ್ಮೇಲೆ ಸರಿಯಾಗಿ ಬರ್ತೀನಿ ಮೇಡಂ’ ಅಂತ ತಾನಾಗಿಯೇ ಹೇಳಿ ಎದ್ದ. ನನ್ನನ್ನು ಸಮಾಧಾನ ಮಾಡಿ ಹೊರಡುವುದು ಅವನಿಗೆ ಅಭ್ಯಾಸ ಆಗಿತ್ತು.

ಮೂರನೇ ಸಲ ಕೋಣೆಯಲ್ಲಿ ಕೂರಲಿಲ್ಲ. ಕಾಲೇಜಿನ ಹಿಂದೆ ಹೊಂಗೆ ಮರದ ಕಟ್ಟೆ ಇದೆ. ಇಬ್ಬರೂ ಪಕ್ಕಪಕ್ಕ ಕೂತೆವು, ಎದುರುಬದುರು ಅಲ್ಲ. ಅಜ್ಜಿ ಹೇಗಿದ್ದರು ಅಂತ ಕೇಳಿದೆ. ಅವನು ಹೇಳತೊಡಗಿದ. ಅಜ್ಜಿ ಹುಟ್ಟಿದ ಹಾಡಿ ಕಾಡಿನ ಒಳಗಿತ್ತಂತೆ. ಈಗಿನ ಹಾಡಿ ಅಂಚಿನದು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಹಳೆಯ ಜಾಗಕ್ಕೆ ಅಜ್ಜಿ ಅರ್ಜಿ ಹಾಕಿದ್ದರು. ತೀರ್ಮಾನ ಆಗುವ ಮೊದಲೇ ಹೋದರು. ಇವನನ್ನು ಸಾಕಿದ್ದು ಅಜ್ಜಿಯೇ. ಅಮ್ಮ ವರ್ಷದಲ್ಲಿ ಮೂರು ತಿಂಗಳು ಕೊಡಗಿನ ಕಾಫಿ ತೋಟದಲ್ಲಿ, ಕೂಲಿಯವರ ಲೈನ್ ಮನೆಯಲ್ಲಿ ಇರುತ್ತಿದ್ದರು.

ಆಮೇಲೆ ಜನವರಿಯ ವಿಷಯ ಬಂತು. ಅಜ್ಜಿಯ ಆಸ್ಪತ್ರೆ ಖರ್ಚಿಗೆ ಅಮ್ಮ ತೋಟದ ಮಾಲೀಕರಿಂದ ಮುಂಗಡ ತೆಗೆದುಕೊಂಡಿದ್ದರು. ತೀರಿಸಬೇಕಲ್ಲ. ಕಾಫಿ ಕೊಯ್ಲಿಗೆ ಕೂಲಿ ಲೆಕ್ಕ ಕಿಲೋ ಮೇಲೆ. ಎರಡು ಕೈ ಜಾಸ್ತಿ ಆದರೆ ಸಾಲ ಬೇಗ ಇಳಿಯುತ್ತದೆ. ಇವನು ಹೋದ. ಹನ್ನೆರಡು ದಿನದಲ್ಲಿ ಮುಂಗಡ ತೀರಿತು.

‘ಅಲ್ಲಿಗೆ ಹನ್ನೆರಡು ದಿನ. ಉಳಿದ ಹದಿನಾಲ್ಕು ದಿನ?’ ಅಂದೆ. ಲೆಕ್ಕ ಕೇಳುವ ದನಿ ಆಗಿರಬೇಕು ನನ್ನದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಎರಡು ಸಲ ಬಂದಿದ್ದೆ ಮೇಡಂ.’

‘ಎಲ್ಲಿಗೆ?’

‘ಬಸ್ ಸ್ಟ್ಯಾಂಡ್‌ವರೆಗೆ.’

ಬೆಳಿಗ್ಗೆ ಬಂದು ಇಳಿಯುತ್ತಿದ್ದ. ಬಸ್ ಸ್ಟ್ಯಾಂಡ್‌ನಿಂದ ಕಾಲೇಜಿಗೆ ಹತ್ತು ನಿಮಿಷದ ದಾರಿ. ಸಂಜೆವರೆಗೂ ಬೆಂಚಿನ ಮೇಲೆ ಕೂತು, ಕೊನೆ ಬಸ್ಸಿಗೆ ವಾಪಸ್. ‘ಅಮ್ಮನಿಗಾದ್ರೆ ಬಸ್ಸು ಫ್ರೀ. ನನಗೆ ಟಿಕೆಟ್. ಎರಡು ಸಲದ ದುಡ್ಡು ಹೋಯ್ತು’ ಅಂದ. ಅದು ಅವನಿಗೆ ನಿಜಕ್ಕೂ ಬೇಜಾರಿನ ವಿಷಯ.

ಯಾಕೆ ಒಳಗೆ ಬರಲಿಲ್ಲ ಅಂತ ನಾನು ಕೇಳಲಿಲ್ಲ. ಅವನೇ ಹೇಳಿದ. ಆಶ್ರಮ ಶಾಲೆಯಲ್ಲಿ ಹಬ್ಬಕ್ಕೋ ಸಾವಿಗೋ ಹಾಡಿಗೆ ಹೋಗಿ ತಡವಾಗಿ ಬಂದವರನ್ನು ಅಡುಗೆಮನೆ ಮುಂದೆ ನಿಲ್ಲಿಸುತ್ತಿದ್ದರಂತೆ. ಎಲ್ಲರ ಊಟ ಮುಗಿಯುವವರೆಗೆ. ‘ಓಡಿ ಹೋದವ’ ಅಂತ ಉಳಿದ ಮಕ್ಕಳ ಕೈಲಿ ಕರೆಸುತ್ತಿದ್ದರು. ‘ನಾಲ್ಕು ದಿನದ ಒಳಗೆ ಬಂದ್ರೆ ಪರವಾಗಿಲ್ಲ. ಜಾಸ್ತಿ ಆದ್ರೆ ಹೋಗಲೇಬಾರದು ಅಂತ ನಮ್ಮ ನಮ್ಮಲ್ಲೇ ಗೊತ್ತಿತ್ತು. ಆರನೇ ಕ್ಲಾಸ್ ನಾನು ಎರಡು ವರ್ಷ ಓದಿದೆ.’

ಆಮೇಲೆ ನನ್ನ ಕಡೆ ತಿರುಗಿದ. ಅಷ್ಟು ದಿನದಲ್ಲಿ ಮೊದಲ ಸಲ.

‘ನಾನು ಓಡಿ ಹೋಗಿಲ್ಲ ಮೇಡಂ. ವಾಪಸ್ ಬರೋದು ಹೆಂಗೆ ಅಂತ ಗೊತ್ತಾಗಲ್ಲ. ಬಂದ ತಕ್ಷಣ ಎಲ್ಲರೂ ಎಲ್ಲಿ ಹೋಗಿದ್ದೆ ಅಂತಾರೆ. ನೀವೂ ಮೊದಲು ಅದನ್ನೇ ಕೇಳಿದ್ರಿ.’

ನಾನು ಕೇಳಿದ್ದೆ. ಮೊದಲ ಭೇಟಿಯಲ್ಲಿ, ನಗುತ್ತಲೇ, ‘ಇಷ್ಟು ದಿನ ಎಲ್ಲಪ್ಪ ಹೋಗಿದ್ದೆ?’ ಅಂದಿದ್ದೆ. ಪ್ರೀತಿಯಿಂದ ಕೇಳಿದೆ ಅಂತ ನಾನು ಅಂದುಕೊಂಡಿದ್ದೆ. ಅವನಿಗೆ ಕೇಳಿಸಿದ್ದು ಅಡುಗೆಮನೆ ಮುಂದಿನ ಮಾತು. ಅವತ್ತು ಅವನಿಗೆ ‘ತಪ್ಪಾಯ್ತು ಕಣಪ್ಪ’ ಅಂದೆ. ಅವನು ಗಾಬರಿಯಾಗಿ ಎದ್ದು ನಿಂತ. ಆ ಗಾಬರಿ ನನ್ನನ್ನು ಎಷ್ಟೋ ದಿನ ಕಾಡಿತು.

ಅವನಿಗೆ ನಾನು ಕೊಟ್ಟ ಸಲಹೆ ಇದು. ಊರಿಗೆ ಹೋಗಬೇಕಾದಾಗ ಹೋಗು. ಆದರೆ ಹೋಗುವ ಮೊದಲು ಒಬ್ಬರನ್ನು ಆರಿಸಿಕೋ. ವಾಪಸ್ ಬಂದಾಗ ಮೊದಲು ಅವರ ಹತ್ತಿರ ಹೋಗಬೇಕು. ಪ್ರಿನ್ಸಿಪಾಲರೂ ಬೇಡ, ನಾನೂ ಬೇಡ, ನಿನಗೆ ಯಾರ ಮುಖ ನೋಡಿದರೆ ಹೆದರಿಕೆ ಆಗುವುದಿಲ್ಲವೋ ಅವರು. ನಾಲ್ಕು ದಿನ ಅಂದಿದ್ದು ನಲವತ್ತು ದಿನ ಆದರೂ ಬಾ. ಒಳ್ಳೆ ಕಾರಣ ಹೊಂದಿಸಿಕೊಂಡು ಬರೋಣ ಅಂತ ಕಾಯಬೇಡ. ಮೊದಲು ಬಾ, ಕಾರಣ ಆಮೇಲೆ ನೋಡೋಣ. ಹೀಗಂದೆ. ಅವನು ಆರಿಸಿಕೊಂಡದ್ದು ಹಾಸ್ಟೆಲಿನ ಅಡುಗೆ ಅಕ್ಕನನ್ನು.

ಅಕ್ಕನ ಹತ್ತಿರ, ವಾರ್ಡನ್ ಹತ್ತಿರ, ಉಪನ್ಯಾಸಕರ ಹತ್ತಿರ ನಾನು ಕೇಳಿಕೊಂಡದ್ದು ಇನ್ನೂ ಚಿಕ್ಕದು. ತಡವಾಗಿ ಬಂದ ಮಗುವನ್ನು ಮೊದಲು ‘ಊಟ ಆಯ್ತಾ?’ ಅಂತ ಕೇಳಿ. ಒಂದು ಊಟ, ಒಂದು ರಾತ್ರಿ ನಿದ್ದೆ ಆಗುವವರೆಗೆ ಬೇರೆ ಏನೂ ಕೇಳಬೇಡಿ. ನಮ್ಮ ಕಡೆ ಮನೆಗೆ ಯಾರೇ ಬಂದರೂ ಹೀಗೇ ಕೇಳುತ್ತೇವೆ, ಅಲ್ವಾ?

ಇದಕ್ಕೆ ವಿರೋಧ ಬಂತು. ‘ನೀವು ರಜೆ ಹಾಕಲು ಲೈಸೆನ್ಸ್ ಕೊಡ್ತಿದ್ದೀರಿ. ನಾಳೆ ಎಲ್ಲರೂ ಕೇಳ್ತಾರೆ’ ಅಂದರು. ಇಲ್ಲ, ನಾನು ಹಾಜರಾತಿ ಕೊಡಿ ಅಂತ ಕೇಳಲಿಲ್ಲ, ಅಂಕವನ್ನೂ ಕೇಳಲಿಲ್ಲ. 75 ಪರ್ಸೆಂಟ್ ನಿಯಮ ಹಾಗೇ ಇತ್ತು. ಹಾಜರಾತಿ ಸಾಲದೆ ಆ ಸೆಮಿಸ್ಟರ್ ಪರೀಕ್ಷೆಗೆ ಅವನು ಕೂರಲಿಲ್ಲ. ಆ ನಷ್ಟ ಅವನೇ ಹೊತ್ತ. ನಾನು ಕೇಳಿದ್ದು ನಿಯಮಕ್ಕೆ ಅವಮಾನ ಸೇರಿಸಬೇಡಿ ಅಂತ ಮಾತ್ರ. ಪರೀಕ್ಷೆ ತಪ್ಪಿದರೆ ಮುಂದೆ ಬರೆಯಬಹುದು. ಬಸ್ ಸ್ಟ್ಯಾಂಡ್‌ನಿಂದ ವಾಪಸ್ ಹೋದವನು ಪರೀಕ್ಷೆ ಎಲ್ಲಿ ಬರೆಯುತ್ತಾನೆ?

‘ಕೊಯ್ಲಿಗೆ ಹೋಗಬೇಡ ಅಂತ ಯಾಕೆ ಹೇಳಲಿಲ್ಲ?’ ಅಂತಲೂ ಕೇಳಿದರು. ಬೇಕೆಂದೇ ಹೇಳಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿಗೆ ಹೇಳಿದ್ದೆ. ‘ಪರೀಕ್ಷೆ ಮುಗಿಯುವವರೆಗೆ ಹಾಡಿ ಮರೆತುಬಿಡು’ ಅಂದಿದ್ದೆ. ಅವಳು ನನ್ನ ಮಾತು ಕೇಳಿದಳು. ಅದೇ ಸಮಯದಲ್ಲಿ ಅವಳ ತಂದೆ ಕಾಯಿಲೆ ಬಿದ್ದು ತೀರಿಕೊಂಡರು. ಮಣ್ಣಿಗೆ ಹೋದವಳು ಮತ್ತೆ ಬರಲಿಲ್ಲ. ಮನೆ ಬೇಕೋ ಓದು ಬೇಕೋ ಅಂತ ಅವಳ ಮುಂದೆ ಇಟ್ಟವಳು ನಾನೇ. ಅವಳು ಮನೆಯನ್ನು ಆರಿಸಿಕೊಂಡಳು. ಅಂಥ ಆಯ್ಕೆಯನ್ನು ಇನ್ನು ಯಾವ ಮಗುವಿನ ಮುಂದೂ ಇಡುವುದಿಲ್ಲ ಅಂತ ಅವತ್ತೇ ನಿರ್ಧರಿಸಿದೆ.

ಇನ್ನು ಕಾಡು ಎಳೆಯುತ್ತೆ ಅನ್ನುವ ಮಾತು. ಇವನನ್ನು ಎಳೆದದ್ದು ಕಾಡಲ್ಲ, ಸಾಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಡಗಿನಲ್ಲಿ ಕಾಫಿ ಹಣ್ಣಾಗುತ್ತದೆ. ನಮ್ಮ ಕಾಲೇಜಿನ ಇಂಟರ್ನಲ್ಸ್, ಪರೀಕ್ಷೆ ಹೆಚ್ಚಾಗಿ ಅದೇ ತಿಂಗಳುಗಳಲ್ಲಿ ಬರುತ್ತವೆ. ಸ್ಕಾಲರ್‌ಶಿಪ್ ಸಮಯಕ್ಕೆ ಬಂದಿದ್ದರೆ ಅವನ ಕೈಯಲ್ಲಿ ನಾಲ್ಕು ಕಾಸು ಇರುತ್ತಿತ್ತು. ಪರಿಶಿಷ್ಟ ಪಂಗಡದ ಮಕ್ಕಳಿಗೆ, ಮನೆಯ ವರಮಾನ ವರ್ಷಕ್ಕೆ 2.5 ಲಕ್ಷದ ಒಳಗಿದ್ದರೆ, ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಇದೆ. ಇವನ ಅರ್ಜಿ ಪೋರ್ಟಲ್‌ನಲ್ಲೇ ನಿಂತಿತ್ತು. ಆಧಾರ್‌ನಲ್ಲಿ ಅಪ್ಪ ಇಟ್ಟ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಶಾಲೆಯ ಮೇಷ್ಟ್ರು ತಿದ್ದಿ ಬರೆದ ಹೆಸರು. ಎರಡೂ ಹೊಂದುತ್ತಿರಲಿಲ್ಲ. ಹಾಡಿಯ ಮಕ್ಕಳಲ್ಲಿ ಈ ತೊಡಕು ನಾನು ಮತ್ತೆ ಮತ್ತೆ ನೋಡುತ್ತೇನೆ. ಆಪ್ತಸಲಹೆಗೆ ಬಂದ ಮಗುವಿನ ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೂರನ್ನೂ ಪಕ್ಕದಲ್ಲಿಟ್ಟು ನೋಡುವುದು ಈಗ ನನ್ನ ಕೆಲಸದ ಭಾಗ. ಅದು ಆಪ್ತಸಲಹೆಗಾರರ ಕೆಲಸ ಅಲ್ಲ ಅನ್ನುವವರು ಒಮ್ಮೆ ಆ ಹೊಂಗೆ ಕಟ್ಟೆಯ ಮೇಲೆ ಕೂತು ನೋಡಬೇಕು.

ಮನೆಯಲ್ಲಿ ಇಂಥ ಮಗು ಇರುವ ತಂದೆ ತಾಯಿ ಇದನ್ನು ಓದುವುದು ಕಡಿಮೆ ಅಂತ ನನಗೆ ಗೊತ್ತು. ಓದುವವರು ಶಿಕ್ಷಕರು, ವಾರ್ಡನ್‌ಗಳು, ನನ್ನಂಥವರು. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು. ನಿಮ್ಮ ಹಾಜರಿ ಪುಸ್ತಕದಲ್ಲಿ ಹತ್ತು ಹದಿನೈದು ದಿನದಿಂದ ಕೆಂಪು ಗೀಟು ಬಿದ್ದ ಹೆಸರು ಇದ್ದರೆ, ಆ ಮಗುವಿಗೆ ಒಂದು ಫೋನ್ ಮಾಡಿ. ಹಾಡಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಅದೇ ದಾರಿಯಲ್ಲಿ ಬರುವ ಇನ್ನೊಂದು ಮಗುವಿನ ಕೈಲಿ ಹೇಳಿ ಕಳಿಸಿ. ‘ಯಾವಾಗ ಬರ್ತೀಯ’ ಅಂತ ಕೇಳಬೇಡಿ. ‘ನಿನ್ನ ಜಾಗ ಇದೆ’ ಅನ್ನಿ. ಮಗು ತೀರಾ ಕುಗ್ಗಿದೆ ಅನ್ನಿಸಿದರೆ, ನಿಮ್ಮಲ್ಲಿ ಆಪ್ತಸಲಹೆಗಾರರು ಇಲ್ಲದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿ ಕೊಡಿ.

ಹುಡುಗ ಉಳಿದ ಪರೀಕ್ಷೆಗಳನ್ನು ಮುಂದಿನ ಸಲ ಬರೆದ. ಈ ವರ್ಷ ಕೊಯ್ಲಿಗೆ ಮತ್ತೆ ಹೋದ, ಹೇಳಿಯೇ ಹೋದ. ಒಂದು ವಾರ ಅಂದವನು ಹನ್ನೊಂದು ದಿನ ಆದರೂ ಬರಲಿಲ್ಲ. ಫೋನ್ ಮಾಡಲೋ ಬೇಡವೋ ಅಂತ ನಾನು ಒದ್ದಾಡುತ್ತಿದ್ದೆ. ಹನ್ನೆರಡನೇ ದಿನ ಬೆಳಿಗ್ಗೆ ಅಡುಗೆ ಅಕ್ಕನೇ ಫೋನ್ ಮಾಡಿದರು. ‘ರಾತ್ರಿ ಎಂಟೂವರೆಗೆ ಬಂದ ಮೇಡಂ. ಮುದ್ದೆ ಆರಿತ್ತು, ಸಾರು ಬಿಸಿ ಮಾಡಿ ಬಡಿಸಿದೆ. ಉಂಡು ಮಲಗಿದಾನೆ, ಇನ್ನೂ ಎಬ್ಬಿಸಿಲ್ಲ.’