ಪ್ರಾಣಿಯ ನೋವು ನಿಜ, ಅಡಿಬರಹ?

ಪ್ರಶ್ನೆ: ಪ್ರಾಣಿಯನ್ನು ಹಿಂಸಿಸುವ ವಿಡಿಯೊ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬಂದಿದೆ. ಕೆಳಗೆ ‘ಇವರ ಬುದ್ಧಿಯೇ ಇಷ್ಟು. ದೇಶಾಭಿಮಾನ ಇದ್ದರೆ ಹಂಚಿ’ ಎಂದಿದೆ. ಅನುಮಾನ ಹೇಳಿದರೆ ‘ನಿನಗೆ ಕರುಣೆ ಇಲ್ಲವಾ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಇಂಥ ವಿಡಿಯೊಗಳಲ್ಲಿ ಪ್ರಾಣಿ ಪಡುವ ನೋವು ಎಷ್ಟೋ ಸಲ ನಿಜವೇ ಆಗಿರುತ್ತದೆ. ಸುಳ್ಳು ಸೇರುವುದು ಅಡಿಬರಹದಲ್ಲಿ: ಎಲ್ಲಿ, ಯಾವಾಗ, ಯಾರು. ಕಣ್ಣು ತುಂಬಿ ಬಂದ ಹೊತ್ತಿನಲ್ಲಿ ಊರಿನ ಹೆಸರನ್ನು ಯಾರೂ ಪರೀಕ್ಷಿಸುವುದಿಲ್ಲ. ಅದೇ ಅದರ ಬಲ.

2020ರ ಮೇ 27ರಂದು ಗರ್ಭಿಣಿ ಆನೆಯೊಂದು ಬಾಯಿಯ ಗಾಯದಿಂದ ನರಳಿ ನದಿ ನೀರಿನಲ್ಲಿ ನಿಂತೇ ಸತ್ತದ್ದು ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ. ಹಂಚಿಕೆಯಾದ ಬರಹಗಳಲ್ಲಿ ಅದು ಮುಸ್ಲಿಮರು ಹೆಚ್ಚಿರುವ ಪಕ್ಕದ ಮಲಪ್ಪುರಂ ಆಯಿತು. ಜಿಲ್ಲೆಯ ಹೆಸರು ಬದಲಾದದ್ದೇ ತಡ, ಇಡೀ ಸಮುದಾಯ ಕಟಕಟೆಯಲ್ಲಿ ನಿಂತಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೈಟಿ ವಲಸಿಗರು ಸಾಕುಪ್ರಾಣಿ ತಿನ್ನುತ್ತಾರೆಂದು ಹಬ್ಬಿದಾಗಲೂ ಹೀಗೇ. ಪುರಾವೆಯೆಂದು ಓಡಾಡಿದ, ಹೆಬ್ಬಾತು ಹಿಡಿದ ವ್ಯಕ್ತಿಯ ಫೋಟೊ ಬೇರೆಯೇ ಊರಾದ ಕೊಲಂಬಸ್ ನಗರದ್ದು. ಇನ್ನೊಂದು ಪುರಾವೆಯೆಂದು ತೋರಿಸಿದ, ಬೆಕ್ಕು ಕೊಂದು ಬಂಧಿತಳಾದ ಮಹಿಳೆಯೂ ಮತ್ತೊಂದು ನಗರವಾದ ಕ್ಯಾಂಟನ್‌ನವಳು, ಹೈಟಿಯವಳಲ್ಲ. ನಂಬಲರ್ಹ ದೂರು ಯಾವುದೂ ಇಲ್ಲವೆಂದು ನಗರಾಡಳಿತ ಹೇಳಿದ ಮೇಲೂ ಬಾಂಬ್ ಬೆದರಿಕೆ ಬಂದು ಶಾಲಾ ಮಕ್ಕಳನ್ನು ಹೊರಗೆ ಕಳಿಸಬೇಕಾಯಿತು.

ಮೊದಲು ಸದ್ದು ಬಂದ್ ಮಾಡಿ ನೋಡಿ. ಹಿನ್ನೆಲೆ ಸಂಗೀತವನ್ನೂ ನಿರೂಪಣೆಯನ್ನೂ ಆಮೇಲೆ ಅಂಟಿಸಿರುವುದುಂಟು. ಅಂಗಡಿ ಬೋರ್ಡಿನ ಲಿಪಿ, ವಾಹನದ ನಂಬರ್ ಪ್ಲೇಟ್, ಪೊಲೀಸರ ಸಮವಸ್ತ್ರ, ವಾಹನ ರಸ್ತೆಯ ಎಡಬದಿಯಲ್ಲಿ ಓಡುತ್ತಿದೆಯೋ ಬಲಬದಿಯಲ್ಲೋ ಗಮನಿಸಿ. ಅಕ್ಷರ ತಿರುವುಮುರುವಾಗಿದ್ದರೆ ಚಿತ್ರವನ್ನು ಕನ್ನಡಿಯಂತೆ ಮಗುಚಿದ್ದಾರೆ, ವಾಪಸ್ ತಿರುಗಿಸಿಕೊಳ್ಳಿ. ಬಳಿಕ ಆರಂಭ, ನಡು, ಕೊನೆಯಿಂದ ಮೂರ್ನಾಲ್ಕು ಸ್ಕ್ರೀನ್‌ಶಾಟ್ ತೆಗೆದು, ಮೇಲೆ ಬರೆದ ಅಕ್ಷರ ಕತ್ತರಿಸಿ, ಚಿತ್ರ ಕೊಟ್ಟರೆ ಅದರ ಬೇರೆ ಪ್ರತಿಗಳನ್ನು ಹುಡುಕಿಕೊಡುವ ಗೂಗಲ್ ಲೆನ್ಸ್‌ನಲ್ಲೂ ಟಿನ್‌ಐನಲ್ಲೂ ಹುಡುಕಿ. ಟಿನ್‌ಐನಲ್ಲಿ ಅತಿ ಹಳೆಯದನ್ನು ಮೊದಲು ತೋರಿಸುವಂತೆ ಜೋಡಿಸಬಹುದು. ಎಡವುವುದು ಇಲ್ಲೇ: ಅಲ್ಲಿ ಕಾಣುವುದು ಚಿತ್ರೀಕರಣದ ದಿನವಲ್ಲ, ಆ ಪ್ರತಿ ಸಿಕ್ಕ ದಿನ. ಘಟನೆ ಅದಕ್ಕಿಂತ ಹಳೆಯದಿರಬಹುದು, ಹೊಸದಂತೂ ಆಗಲಾರದು. ಏನೂ ಸಿಗದಿದ್ದರೆ ವಿಡಿಯೊ ನಿಜವೆಂದು ಅರ್ಥವಲ್ಲ. ವಾಟ್ಸ್ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಕನಿಷ್ಠ ಐದು ಕೈ ದಾಟಿ ಬಂದಿದೆ. ಕಳಿಸಿದವರು ಕಣ್ಣಾರೆ ಕಂಡವರಲ್ಲ.

‘ಇದು ನಿಜವೇ?’ ಎಂದು ಕೇಳಲೂ ಬೇರೆ ಗುಂಪಿಗೆ ಹಾಕಬೇಡಿ. ಪ್ರಶ್ನೆ ಉದುರಿ ವಿಡಿಯೊ ಮಾತ್ರ ಮುಂದೆ ಹೋಗುತ್ತದೆ. ಕಳಿಸಿದವರಿಗೆ ಖಾಸಗಿಯಾಗಿ ಬರೆಯಿರಿ: ‘ನೋಡಿ ನನಗೂ ಸಂಕಟವಾಯಿತು. ಆದರೆ ಇದು ಇಂಥ ವರ್ಷದ, ಇಂಥ ಊರಿನದು.’ ಜೊತೆಗೆ ಹಳೆಯ ಕೊಂಡಿ ಕೊಡಿ. ಕರುಣೆಯನ್ನು ಒಪ್ಪಿಕೊಂಡ ಮೇಲೆಯೇ ಅವರು ಕೊಂಡಿ ತೆರೆದು ನೋಡುವುದು. ಹಿಂಸೆ ಈಗಿನದೇ, ಸ್ಥಳವೂ ಖಚಿತ ಎಂದಾದರೆ ಮೂಲ ವಿಡಿಯೊ, ಕೊಂಡಿ, ದಿನಾಂಕ ಆ ಊರಿನ ಪೊಲೀಸರಿಗೆ ಹೋಗಲಿ.