ಮುಖ್ಯ ಸಲಕರಣೆಗಳನ್ನೆಲ್ಲ ಎರಡೆರಡು ಇಟ್ಟಿರುವಾಗ ಮೊಬೈಲ್ ಜಾಲದಲ್ಲಿ ದೋಷಸಹಿಷ್ಣುತೆಯ ಸಂಶೋಧನೆಗೆ ಏನು ಉಳಿದಿದೆ?

ನೀವು ಸ್ನಾತಕೋತ್ತರ ಹಂತದಲ್ಲಿ ದೋಷಸಹಿಷ್ಣು, ಅಂದರೆ ಒಂದು ಭಾಗ ಕೆಟ್ಟರೂ ಕೆಲಸ ನಿಲ್ಲಿಸದ, ಕಂಪ್ಯೂಟರ್ ಹಾರ್ಡ್‌ವೇರ್ ಕುರಿತು ಕೆಲಸ ಮಾಡಿದ್ದು, ಪಿಎಚ್‌ಡಿಗೆ ಮೊಬೈಲ್ ಜಾಲದ ವಿನ್ಯಾಸವನ್ನು ಆಯ್ದುಕೊಳ್ಳುವ ಯೋಚನೆಯಲ್ಲಿದ್ದೀರಿ. ಹಳೆಯ ಕಲಿಕೆ ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ, ಮುಖ್ಯವಾದ ಸಲಕರಣೆಗಳನ್ನೆಲ್ಲ ಎರಡೆರಡು ಇಡುವ ಪದ್ಧತಿ ಹೇಗೂ ಇರುವಾಗ ಹೊಸದಾಗಿ ಶೋಧಿಸಲು ಏನಿದೆ ಎಂದು ಕೇಳಿದ್ದೀರಿ. ನಾನು ಕೆಲವು ವರ್ಷ, ಮೊಬೈಲ್ ಫೋನುಗಳಿಗೆ ರೇಡಿಯೋ ಸಂಪರ್ಕ ಕೊಡುವ ಬೇಸ್ ಸ್ಟೇಷನ್ನಿನ ಕಂಟ್ರೋಲ್ ಕಾರ್ಡುಗಳನ್ನು (ಅದನ್ನು ನಿಯಂತ್ರಿಸುವ ಸರ್ಕಿಟ್ ಹಲಗೆಗಳನ್ನು) ಪರೀಕ್ಷಿಸುವ ಕೆಲಸದಲ್ಲಿದ್ದು, ಆಮೇಲೆ ಇದೇ ವಿಷಯದ ಸಂಶೋಧನೆಗೆ ಬಂದವನು. ಹಳೆಯ ಕಲಿಕೆ ಖಂಡಿತವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಎರಡೆರಡು ಇಟ್ಟರೆ ಸಾಕು ಎಂಬ ನಂಬಿಕೆಯನ್ನು ಮೊದಲು ಬಿಡಬೇಕಾಗುತ್ತದೆ. ಒಂದು ಭಾಗ ಕೆಟ್ಟಾಗ ಅದು ಕೆಟ್ಟಿದೆಯೆಂದು ವ್ಯವಸ್ಥೆಗೆ ಗೊತ್ತಾಗುತ್ತದೆಯೇ ಎಂಬುದೇ ಎರಡೂ ಕ್ಷೇತ್ರಗಳ ಮೂಲ ಪ್ರಶ್ನೆಯೆಂದು ನಾನು ತಿಳಿದಿದ್ದೇನೆ.

ದೋಷಸಹಿಷ್ಣುತೆ ಮತ್ತು ದೂರವಾಣಿ ಜಾಲ, ಇವೆರಡೂ ಮೊದಲಿನಿಂದಲೂ ಒಂದಕ್ಕೊಂದು ಹೆಣೆದುಕೊಂಡೇ ಬೆಳೆದಿವೆ. ತಪ್ಪು ತಿದ್ದುವ ಸಂಕೇತಗಳ ಕುರಿತ ಪ್ರಬಂಧವನ್ನು 1950ರಲ್ಲಿ ಪ್ರಕಟಿಸಿದ ರಿಚರ್ಡ್ ಹ್ಯಾಮಿಂಗ್ ಕೆಲಸ ಮಾಡುತ್ತಿದ್ದುದು ದೂರವಾಣಿ ಸಂಸ್ಥೆಯ ಪ್ರಯೋಗಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ. ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ಯಂತ್ರವನ್ನು ಕಟ್ಟುವುದು ಹೇಗೆಂದು ಜಾನ್ ವಾನ್ ನ್ಯೂಮನ್ ಉಪನ್ಯಾಸ ಕೊಟ್ಟದ್ದು 1952ರಲ್ಲಿ. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸ ಆರಂಭಿಸಿದ ನಂ. 1 ಇಎಸ್‌ಎಸ್ ಎಂಬ ಎಲೆಕ್ಟ್ರಾನಿಕ್ ಟೆಲಿಫೋನ್ ಎಕ್ಸ್‌ಚೇಂಜು 40 ವರ್ಷಗಳಲ್ಲಿ ಒಟ್ಟು 2 ಗಂಟೆಗಿಂತ ಹೆಚ್ಚು ಕಾಲ ನಿಲ್ಲಕೂಡದೆಂಬ ಗುರಿಯನ್ನು ಅದರ ವಿನ್ಯಾಸಕಾರರು ಇಟ್ಟುಕೊಂಡಿದ್ದರು. ಅದಕ್ಕಾಗಿ ಅದರ ಎರಡು ಪ್ರೊಸೆಸರುಗಳು ಒಂದೇ ಕೆಲಸವನ್ನು ಒಟ್ಟೊಟ್ಟಿಗೆ ಮಾಡುತ್ತ, ಫಲಿತಾಂಶಗಳನ್ನು ಹೋಲಿಸಿಕೊಳ್ಳುತ್ತಿದ್ದವು. ಇಲ್ಲಿ ಗಮನಿಸಬೇಕಾದದ್ದು ಆ ಹೋಲಿಕೆಯನ್ನು. ಎರಡನೆಯ ಪ್ರೊಸೆಸರು ಬದಲಿಯಾಗಿ ಇದ್ದಂತೆಯೇ ಮೊದಲನೆಯದರ ಸಾಕ್ಷಿಯಾಗಿಯೂ ಇತ್ತು.

ಸಾಕ್ಷಿಯಿಲ್ಲದ ಬದಲಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಒಂದು ಕಾರ್ಡು ಸರಾಸರಿ 10,000 ಗಂಟೆಗೊಮ್ಮೆ ಕೆಡುತ್ತದೆ, ಸರಿಪಡಿಸಲು 4 ಗಂಟೆ ಬೇಕು ಎಂದಿಟ್ಟುಕೊಳ್ಳಿ. ಒಂದೇ ಕಾರ್ಡು ಇದ್ದರೆ ವರ್ಷಕ್ಕೆ ಸುಮಾರು ಮೂರೂವರೆ ಗಂಟೆ ಸೇವೆ ನಿಲ್ಲುತ್ತದೆ. ಎರಡು ಕಾರ್ಡುಗಳಿದ್ದು, ಅವು ಸ್ವತಂತ್ರವಾಗಿ ಕೆಡುತ್ತವೆ ಮತ್ತು ಪ್ರತಿಯೊಂದು ದೋಷವೂ ತಕ್ಷಣ ಪತ್ತೆಯಾಗುತ್ತದೆ ಎಂದಾದರೆ ಅದು ವರ್ಷಕ್ಕೆ 5 ಸೆಕೆಂಡಿಗೆ ಇಳಿಯುತ್ತದೆ. ಪಠ್ಯಪುಸ್ತಕದಲ್ಲಿ ಮನಸ್ಸು ಸೆಳೆಯುವುದು ಈ ಅಂಕಿಯೇ. ಆದರೆ ಕೆಲಸದಲ್ಲಿರುವ ಕಾರ್ಡಿನ ದೋಷಗಳಲ್ಲಿ ನೂರಕ್ಕೆ 5 ಮಾತ್ರ ಪತ್ತೆಯಾಗದೆ ಉಳಿದು, ಅಂಥ ಪ್ರತಿಯೊಂದು ಸಲವೂ 4 ಗಂಟೆ ಸೇವೆ ನಿಂತಿತೆಂದು ಹಿಡಿದರೂ ವರ್ಷಕ್ಕೆ ಹತ್ತೂವರೆ ನಿಮಿಷವಾಗುತ್ತದೆ. ಉದ್ಯಮದಲ್ಲಿ ಎಲ್ಲರೂ ಹೇಳುವ ‘ಐದು ಒಂಬತ್ತು’, ಅಂದರೆ ನೂರಕ್ಕೆ 99.999ರಷ್ಟು ಲಭ್ಯತೆಯಲ್ಲಿ, ಇಡೀ ವರ್ಷಕ್ಕೆ ಸಿಗುವ ರಿಯಾಯಿತಿ ಐದೂಕಾಲು ನಿಮಿಷ ಮಾತ್ರ. ಅಂದರೆ ಎರಡನೆಯ ಕಾರ್ಡು ಇದ್ದರೂ, ಇಡೀ ವರ್ಷದ ರಿಯಾಯಿತಿಯ ಎರಡರಷ್ಟನ್ನು ಆ ನೂರಕ್ಕೆ ಐದೇ ನುಂಗಿಹಾಕುತ್ತದೆ. ಒಟ್ಟು ದೋಷಗಳಲ್ಲಿ ಪತ್ತೆಯಾಗಿ ಸರಿಯಾಗಿ ನಿಭಾಯಿಸಲ್ಪಡುವ ಪಾಲನ್ನು ನಮ್ಮ ಕ್ಷೇತ್ರದಲ್ಲಿ ಕವರೇಜ್ ಎನ್ನುತ್ತಾರೆ. ಮೊಬೈಲ್ ಜಾಲದವರಿಗೆ ಅದೇ ಪದ ಸಿಗ್ನಲ್ ತಲುಪುವ ಪ್ರದೇಶ ಎಂಬ ಅರ್ಥದಲ್ಲಿ ರೂಢಿಯಾಗಿರುವುದರಿಂದ, ಮೊದಲ ಕೆಲವು ಸಭೆಗಳಲ್ಲಿ ನೀವು ಈ ಬಗ್ಗೆ ಎಚ್ಚರವಾಗಿರಬೇಕು.

ಈ ಲೆಕ್ಕದ ಹಿಂದಿನ ಸತ್ಯ ನನಗೆ ಅರಿವಾದದ್ದು ಒಂದು ಪ್ರಯೋಗಾಲಯದಲ್ಲಿ. ಶೆಲ್ಫಿನಲ್ಲಿ ಎರಡು ಕಂಟ್ರೋಲ್ ಕಾರ್ಡುಗಳಿದ್ದವು. ಒಂದು ಕೆಲಸದಲ್ಲಿ, ಇನ್ನೊಂದು ಸ್ಟ್ಯಾಂಡ್‌ಬೈನಲ್ಲಿ. ಎರಡರ ಮೇಲೂ ಹಸಿರು ದೀಪ ಉರಿಯುತ್ತಿತ್ತು. ಪರದೆಯ ಮೇಲೆ ಇನ್ನೂರು ಪರೀಕ್ಷಾ ಕರೆಗಳು ನಡೆಯುತ್ತಿರುವಾಗ ನಾನು ಕೆಲಸದಲ್ಲಿದ್ದ ಕಾರ್ಡಿನ ಚಿಲಕ ತೆಗೆದು ಅದನ್ನು ಹೊರಕ್ಕೆಳೆದೆ. ಸ್ಟ್ಯಾಂಡ್‌ಬೈ ಕಾರ್ಡು ತಾನು ಅಧಿಕಾರ ವಹಿಸಿಕೊಂಡಿರುವುದಾಗಿ ಲಾಗಿನಲ್ಲಿ ಬರೆಯಿತು, ಅದರ ದೀಪ ಹಸಿರಾಗಿಯೇ ಇತ್ತು, ಇನ್ನೂರು ಕರೆಗಳು ಮಾತ್ರ ಸೊನ್ನೆಗೆ ಇಳಿದವು. ಎರಡು ದಿನ ಹುಡುಕಿದ ಮೇಲೆ, ಆ ಕಾರ್ಡಿನಿಂದ, ಶೆಲ್ಫಿನ ಕಾರ್ಡುಗಳನ್ನೆಲ್ಲ ಜೋಡಿಸುವ ಬ್ಯಾಕ್‌ಪ್ಲೇನಿಗೆ ಹೋಗುವ ಡೇಟಾ ಲಿಂಕಿನಲ್ಲಿ ಒಂದು ಬೆಸುಗೆ ಬಿರುಕುಬಿಟ್ಟಿರುವುದು ಕಾಣಿಸಿತು. ಪ್ರೊಸೆಸರು ಆರೋಗ್ಯವಾಗಿತ್ತು, ‘ಬದುಕಿದ್ದೇನೆ’ ಎಂಬ ಸಂದೇಶವನ್ನು ಸೆಕೆಂಡಿಗೆ ಹತ್ತು ಸಲ ತಪ್ಪದೆ ಕಳಿಸುತ್ತಿತ್ತು. ಆದರೆ ಆ ಸಂದೇಶ ಹೋಗುತ್ತಿದ್ದುದು ಬೇರೆಯೇ ತಂತಿಗಳ ಮೇಲೆ. ಲಿಂಕಿನ ಕೌಂಟರುಗಳನ್ನು ನೋಡಿದರೆ ಅದು ಕೆಟ್ಟು ಹನ್ನೊಂದು ವಾರಗಳಾಗಿದ್ದವು. ಆ ಹನ್ನೊಂದು ವಾರವೂ ನಮ್ಮಲ್ಲಿ ನಿಜವಾಗಿ ಇದ್ದುದು ಒಂದೇ ಕಾರ್ಡು, ಮತ್ತು ಅದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಆರೋಗ್ಯದ ಸಂದೇಶವನ್ನು ಡೇಟಾ ಹೋಗುವ ದಾರಿಯಲ್ಲೇ ಕಳಿಸುವಂತೆ ಮಾಡಿದೆವು, ಮತ್ತು ವಾರಕ್ಕೊಮ್ಮೆ ಬೇಕೆಂದೇ ಕಾರ್ಡುಗಳ ಪಾತ್ರವನ್ನು ಅದಲುಬದಲು ಮಾಡುವ ನಿಯಮ ತಂದೆವು. ಸುಮ್ಮನೆ ನಡೆಯುತ್ತಿರುವುದನ್ನು ಏಕೆ ಕೆಣಕಬೇಕೆಂದು ಈ ನಿಯಮಕ್ಕೆ ಬಹಳ ವಿರೋಧ ಬಂತು. ಬಳಸದ ಬದಲಿಯ ಮೇಲೆ ಯಾರಾದರೂ ಭರವಸೆ ಇಟ್ಟಾಗ ನನಗೆ ಇಂದಿಗೂ ಆತಂಕವಾಗುತ್ತದೆ.

ಇದೇ ಕಾಯಿಲೆ ಮೊಬೈಲ್ ಜಾಲದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿದೆ, ಮತ್ತು ಅದಕ್ಕೊಂದು ಹೆಸರೂ ಇದೆ: ಸ್ಲೀಪಿಂಗ್ ಸೆಲ್, ಅಂದರೆ ಮಲಗಿದ ಸೆಲ್. ಬೇಸ್ ಸ್ಟೇಷನ್ನಿನ ಒಂದು ಸೆಲ್ (ಒಂದು ಪ್ರದೇಶಕ್ಕೆ ಸೇವೆ ಕೊಡುವ ಅದರ ಘಟಕ) ತನ್ನ ಹೆಸರನ್ನು ಗಾಳಿಯಲ್ಲಿ ಸಾರುತ್ತಲೇ ಇರುತ್ತದೆ, ಫೋನುಗಳು ಅದನ್ನೇ ಆರಿಸಿಕೊಳ್ಳುತ್ತವೆ, ಆದರೆ ಸಂಪರ್ಕ ಕೇಳಿದರೆ ಅದು ಉತ್ತರಿಸುವುದಿಲ್ಲ; ನಿಯಂತ್ರಣ ಕೇಂದ್ರದಲ್ಲಿ ಒಂದು ಅಲಾರಮೂ ಬರುವುದಿಲ್ಲ. ಪೂರ್ತಿ ಸತ್ತ ಸೆಲ್ ಇದಕ್ಕಿಂತ ಎಷ್ಟೋ ವಾಸಿ, ಏಕೆಂದರೆ ಅದರ ಫೋನುಗಳು ಅಕ್ಕಪಕ್ಕದ ಸೆಲ್ಲುಗಳಿಗೆ ಹೋಗುತ್ತವೆ, ಅಕ್ಕಪಕ್ಕದವು ಶಕ್ತಿಯನ್ನೋ ಆಂಟೆನಾದ ಓರೆಯನ್ನೋ ಬದಲಿಸಿಕೊಂಡು ಆ ಜಾಗವನ್ನು ತುಂಬಬಲ್ಲವು. ಮಲಗಿದ ಸೆಲ್ಲನ್ನು ಅದರ ಸ್ವಂತ ವರದಿಯಿಂದ ಕಂಡುಹಿಡಿಯಲಾಗದು. ಪಕ್ಕದ ಸೆಲ್ಲುಗಳಿಂದ ಅದಕ್ಕೆ ಎಷ್ಟು ಹ್ಯಾಂಡೋವರುಗಳು (ನಡೆಯುತ್ತಿರುವ ಸಂಪರ್ಕದ ವರ್ಗಾವಣೆಗಳು) ಯಶಸ್ವಿಯಾಗುತ್ತಿವೆ, ಈ ಹೊತ್ತಿಗೆ ಎಂದೂ ಇರುವ ದಟ್ಟಣೆ ಇಂದು ಏಕಿಲ್ಲ, ಫೋನುಗಳು ಕಳಿಸುವ ಅಳತೆಗಳು ಏನು ಹೇಳುತ್ತವೆ ಎಂದು ಹೊರಗಿನಿಂದ ಸಾಕ್ಷಿ ಕೂಡಿಸಬೇಕಾಗುತ್ತದೆ. ಇದರಲ್ಲಿ ಯಂತ್ರಕಲಿಕೆಯ ಪ್ರಬಂಧಗಳು ಈಗಾಗಲೇ ಬಹಳ ಬಂದಿವೆ. ಆದರೆ ಸೆಲ್ಲಿನ ಒಳಗಿನ ಯಾವ ದೋಷವು ಯಾವ ಬಗೆಯ ಮೌನವನ್ನು ಹುಟ್ಟಿಸುತ್ತದೆ ಎಂದು ಹಾರ್ಡ್‌ವೇರ್ ಕಡೆಯಿಂದ ಹೊರಟವು ಕಡಿಮೆ ಎಂಬುದು ನನ್ನ ಅನಿಸಿಕೆ. ನಿಮ್ಮಂಥವರಿಗೆ ತಕ್ಕ ಜಾಗ ಅದು.

ಹಾರ್ಡ್‌ವೇರ್ ಬಲ್ಲವರಿಗೆ ಅನುಕೂಲವಾದ ಇನ್ನೊಂದು ಸಂಗತಿಯೂ ಇದೆ. ರೇಡಿಯೋ ಚಾನೆಲ್ ಎಂಬುದು ಮೊದಲೇ ಗದ್ದಲದ ಜಾಗವಾದ್ದರಿಂದ, ಅದನ್ನು ತಾಳಿಕೊಳ್ಳುವ ಸಾಮರ್ಥ್ಯವನ್ನು ಸಿಗ್ನಲ್ಲನ್ನು ಸಂಸ್ಕರಿಸುವ ಭಾಗವಾದ ಬೇಸ್‌ಬ್ಯಾಂಡಿನಲ್ಲಿ ಕಟ್ಟಿಯೇ ಇರುತ್ತಾರೆ. 5ಜಿಯಲ್ಲಿ ಡೇಟಾಗೆ ತಪ್ಪು ತಿದ್ದುವ ಎಲ್‌ಡಿಪಿಸಿ ಸಂಕೇತಗಳಿವೆ, ದೊಡ್ಡ ಬ್ಲಾಕುಗಳ ಕೊನೆಯಲ್ಲಿ ತಪ್ಪು ಪತ್ತೆಹಚ್ಚುವ 24 ಬಿಟ್‌ಗಳ ಸಿಆರ್‌ಸಿ ಇದೆ, ಬ್ಲಾಕು ತಪ್ಪಾದರೆ ಮತ್ತೆ ಕಳಿಸುವ ವ್ಯವಸ್ಥೆಯಿದೆ. ಹಾಗಾಗಿ ಡಿಕೋಡರಿನ ಮೆಮೊರಿಯಲ್ಲಿ ಒಂದು ಬಿಟ್ ವಿಕಿರಣದ ಕಣದ ಹೊಡೆತಕ್ಕೆ ಸಿಕ್ಕಿ ತಿರುಗಿಬಿದ್ದರೂ, ಅದು ಗಾಳಿಯಲ್ಲಿ ಬಂದ ಗದ್ದಲಕ್ಕೆ ಸ್ವಲ್ಪ ಸೇರಿದಂತಾಗಿ ಬಹುಮಟ್ಟಿಗೆ ತಾನೇ ವಾಸಿಯಾಗುತ್ತದೆ. ಅದೇ ಬಿಟ್ ಶೆಡ್ಯೂಲರಿನ ಕೋಷ್ಟಕದಲ್ಲಿ ತಿರುಗಿದರೆ, ಯಾವ ಫೋನಿಗೆ ಯಾವಾಗ ಸರದಿ ಎಂಬ ನಿರ್ಧಾರವೇ ಕೆಡಬಹುದು, ಮತ್ತು ಅದನ್ನು ತಿದ್ದಲು ಅಲ್ಲಿ ರೇಡಿಯೋ ದಾರಿಯ ಸಂಕೇತವೂ ಇಲ್ಲ, ಮರುಪ್ರಸಾರವೂ ಇಲ್ಲ. ಎಲ್ಲ ಮೆಮೊರಿಗೂ ಒಂದೇ ಮಟ್ಟದ ರಕ್ಷಣೆ ಕೊಡುವುದು ಆದ್ದರಿಂದ ವ್ಯರ್ಥ. ಡಿಕೋಡರಿನ ಮೆಮೊರಿಯನ್ನು ಕಡಿಮೆ ವೋಲ್ಟೇಜಿನಲ್ಲಿ, ಅದು ಆಗಾಗ ತಪ್ಪುವುದನ್ನು ಒಪ್ಪಿಕೊಂಡೇ ನಡೆಸಿ ವಿದ್ಯುತ್ತನ್ನು ಉಳಿಸಬಹುದೇ ಎಂಬುದರ ಮೇಲೆ ಸಂಶೋಧನೆ ನಡೆದಿದೆ. ಆದರೆ ಇಡೀ ಬೇಸ್ ಸ್ಟೇಷನ್ನಿನಲ್ಲಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬ ನಕ್ಷೆಯನ್ನು ಅಳತೆ ಮಾಡಿ ಬಿಡಿಸುವ ಕೆಲಸವೇ ಒಂದು ಪಿಎಚ್‌ಡಿಗೆ ಸಾಕಾಗುವಷ್ಟಿದೆ.

ಎರಡೂ ಪ್ರತಿಗಳು ಒಂದೇ ಕಾರಣದಿಂದ ಒಟ್ಟಿಗೆ ಬೀಳುವ ಸಂಗತಿ ನಿಮಗೆ ಹೊಸದಲ್ಲವಾದ್ದರಿಂದ ಒಂದೇ ಉದಾಹರಣೆ ಕೊಡುತ್ತೇನೆ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2 ಮತ್ತು ಜಪಾನಿನ ಸಾಫ್ಟ್‌ಬ್ಯಾಂಕ್ ಜಾಲಗಳು ಒಂದೇ ದಿನ ಕುಸಿದವು. ಸಲಕರಣೆ ತಯಾರಕ ಎರಿಕ್ಸನ್ ಕೊಟ್ಟಿದ್ದ ಕೋರ್ ನೋಡುಗಳ (ಜಾಲದ ಕೇಂದ್ರಭಾಗದ ಯಂತ್ರಗಳ) ತಂತ್ರಾಂಶದೊಳಗಿನ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಒಂದು ನೋಡಿಗೆ ಎಷ್ಟು ಬದಲಿ ಇದ್ದರೂ, ಎಲ್ಲವುಗಳೊಳಗೂ ಅದೇ ಪ್ರಮಾಣಪತ್ರ ಮತ್ತು ಅದೇ ತಾರೀಖು ಇದ್ದರೆ ಬದಲಿಗಳ ಸಂಖ್ಯೆಗೆ ಅರ್ಥವಿರುವುದಿಲ್ಲ. ಬೇರೆ ಬೇರೆಯವರಿಂದ ತಂತ್ರಾಂಶ ಬರೆಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ತಂತ್ರಾಂಶ ಸಂಶೋಧಕರಾದ ನೈಟ್ ಮತ್ತು ಲೆವೆಸನ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರತ್ಯೇಕವಾಗಿ ಬರೆಸಿದ 27 ಆವೃತ್ತಿಗಳು ಸ್ವತಂತ್ರವಾಗಿ ತಪ್ಪುತ್ತವೆಂಬ ಊಹೆ ನಿಲ್ಲಲಿಲ್ಲ; ಕಷ್ಟದ ಜಾಗದಲ್ಲಿ ಹಲವರು ಒಟ್ಟಿಗೆ ಎಡವಿದ್ದರು.

ನನ್ನನ್ನು ಹೆಚ್ಚು ಕಾಡುವುದು ಚೇತರಿಕೆಯೇ ದಾಳಿಯಾಗುವ ಬಗೆ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಜಾಲದಲ್ಲಿ ಕರೆಗಳನ್ನು ಜೋಡಿಸುವ ಒಂದು ಸ್ವಿಚ್ ಸಣ್ಣ ದೋಷದಿಂದ ಮರುಹೊಂದಿಕೊಂಡು (ರೀಸೆಟ್ ಆಗಿ), ನಿಯಮದಂತೆ, ತಾನು ಮರಳಿ ಬಂದಿರುವುದನ್ನು ನೆರೆಯವಕ್ಕೆ ತಿಳಿಸಿತು. ಹಿಂದಿನ ತಿಂಗಳು ಹಾಕಿದ್ದ ತಂತ್ರಾಂಶದಲ್ಲಿ ಸಿ ಭಾಷೆಯ ಒಂದು ‘ಬ್ರೇಕ್’ ಹೇಳಿಕೆ ತಪ್ಪಾದ ಜಾಗದಲ್ಲಿದ್ದುದರಿಂದ, ಬೆನ್ನುಬೆನ್ನಿಗೆ ಎರಡು ಸಂದೇಶಗಳು ಬಂದಾಗ ನೆರೆಯ ಸ್ವಿಚ್ಚುಗಳೂ ಮರುಹೊಂದಿಕೊಂಡವು, ತಾವು ಮರಳಿದ್ದನ್ನು ತಮ್ಮ ನೆರೆಯವಕ್ಕೆ ತಿಳಿಸಿದವು. ಹೀಗೆ 114 ಸ್ವಿಚ್ಚುಗಳು ಒಂದನ್ನೊಂದು ಬೀಳಿಸುತ್ತ ಸುಮಾರು ಒಂಬತ್ತು ಗಂಟೆ ಕಳೆದವು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. 2022ರ ಜುಲೈನಲ್ಲಿ ಜಪಾನಿನ ಕೆಡಿಡಿಐ ಜಾಲದಲ್ಲಿ ರೂಟರ್ ನಿರ್ವಹಣೆಯ ವೇಳೆ ಧ್ವನಿಸೇವೆ ನಿಂತದ್ದು ಸುಮಾರು 15 ನಿಮಿಷ. ಅದನ್ನು ಸರಿಪಡಿಸಿದ ಕ್ಷಣ ಅಸಂಖ್ಯ ಫೋನುಗಳು ಒಮ್ಮೆಲೇ ಮರುನೋಂದಣಿಗೆ ಮುಗಿಬಿದ್ದು, ಪೂರ್ಣ ಚೇತರಿಕೆಗೆ 61 ಗಂಟೆಗೂ ಹೆಚ್ಚು ಹಿಡಿಯಿತು. ಫೋನುಗಳಿಗೆ ಬೇರೆ ಬೇರೆ ಹೊತ್ತು ಕಾಯುವಂತೆ ಹೇಳುವ ಬ್ಯಾಕ್-ಆಫ್ ಟೈಮರುಗಳು ಮೊಬೈಲ್ ಜಾಲಗಳ 3ಜಿಪಿಪಿ ಮಾನದಂಡದಲ್ಲಿ ಇವೆ. ಆದರೆ ಅವುಗಳ ಅವಧಿಯನ್ನು ಎಷ್ಟಿಡಬೇಕು, ಕೋರಿನ ಯಾವ ಭಾಗ ಮೊದಲು ಉಸಿರುಗಟ್ಟುತ್ತದೆ, ಅರ್ಧ ಚೇತರಿಸಿಕೊಂಡ ಡೇಟಾಬೇಸು ಎಷ್ಟು ಹೊರೆ ಹೊರಬಲ್ಲದು ಎಂಬುದಕ್ಕೆ ಒಳ್ಳೆಯ ಮಾದರಿಗಳು ಇನ್ನೂ ಬೇಕು.

ಈಗ ರೇಡಿಯೋ ಜಾಲದ ಕೆಲಸವನ್ನೂ ವಿಶೇಷ ಕಾರ್ಡುಗಳಿಂದ ತೆಗೆದು ಸಾಮಾನ್ಯ ಸರ್ವರುಗಳಿಗೆ ಸಾಗಿಸುತ್ತಿರುವುದರಿಂದ ಇನ್ನೊಂದು ಚಿಂತೆ ಸೇರಿಕೊಂಡಿದೆ. 2021ರಲ್ಲಿ ಗೂಗಲ್ ಮತ್ತು ಫೇಸ್‌ಬುಕ್‌ನ ಎಂಜಿನಿಯರುಗಳು, ಯಾವ ಎಚ್ಚರಿಕೆಯನ್ನೂ ಕೊಡದೆ ಆಗಾಗ ತಪ್ಪು ಉತ್ತರ ಕೊಡುವ ಪ್ರೊಸೆಸರ್ ಕೋರುಗಳು ತಮ್ಮ ದತ್ತಾಂಶ ಕೇಂದ್ರಗಳಲ್ಲಿ ಸಿಕ್ಕಿರುವುದನ್ನು ವಿವರಿಸಿ ಪ್ರಬಂಧಗಳನ್ನು ಬರೆದರು. ಸರ್ವರಿನ ಮೆಮೊರಿಯಲ್ಲಿ ತಪ್ಪು ತಿದ್ದಲು ಹೆಚ್ಚುವರಿ ಬಿಟ್‌ಗಳ ಕಾವಲಿದೆ. ಲೆಕ್ಕ ಮಾಡುವ ಘಟಕಕ್ಕೆ ಸಾಮಾನ್ಯ ಸರ್ವರುಗಳಲ್ಲಿ ಅಂಥ ಕಾವಲು ಬಹುಮಟ್ಟಿಗೆ ಇಲ್ಲ. ಅಂಥ ಕೋರಿನ ಮೇಲೆ ಬೇಸ್‌ಬ್ಯಾಂಡ್ ನಡೆದರೆ ಮಲಗಿದ ಸೆಲ್ ಹುಟ್ಟುತ್ತದೆಯೇ, ಅಥವಾ ಅದು ಬರೀ ಕೆಟ್ಟ ಸಿಗ್ನಲ್ಲಿನಂತೆ ಕಾಣುತ್ತದೆಯೇ ಎಂಬುದು ನನ್ನ ಮಟ್ಟಿಗೆ ಈ ಹೊತ್ತಿನ ಅತ್ಯಂತ ಒಳ್ಳೆಯ ಪ್ರಶ್ನೆಗಳಲ್ಲೊಂದು.

ಇದನ್ನು ಆರಂಭಿಸಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಓಪನ್‌ಏರ್‌ಇಂಟರ್‌ಫೇಸ್ ಅಥವಾ ಎಸ್‌ಆರ್‌ಎಸ್‌ರಾನ್ ಎಂಬ ಮುಕ್ತ ತಂತ್ರಾಂಶದ ಬೇಸ್ ಸ್ಟೇಷನ್ನನ್ನೂ ಓಪನ್5ಜಿಎಸ್ ಎಂಬ ಜಾಲದ ಕೋರನ್ನೂ ಒಂದೆರಡು ಕಂಪ್ಯೂಟರುಗಳಲ್ಲಿ ನಡೆಸಿ, ನಡೆಯುತ್ತಿರುವ ಪ್ರಕ್ರಿಯೆಯ ಮೆಮೊರಿಯಲ್ಲಿ ಡೀಬಗ್ಗರಿನಿಂದ ಒಂದೊಂದೇ ಬಿಟ್ ತಿರುಗಿಸುತ್ತ ಹೋಗಿ. ಪ್ರತಿ ಸಲವೂ ಫಲಿತಾಂಶವನ್ನು ಏನೂ ಆಗಲಿಲ್ಲ, ತಾನೇ ಸರಿಹೋಯಿತು, ಪತ್ತೆಯಾಗಿ ನಿಂತಿತು, ಪತ್ತೆಯಾಗದೆ ಕೆಟ್ಟಿತು ಎಂಬ ನಾಲ್ಕು ವರ್ಗಗಳಲ್ಲಿ ಬರೆದಿಡಿ; ಪ್ರಕ್ರಿಯೆ ಬದುಕಿದೆಯೇ ಎಂಬುದರ ಮೇಲೆ ಈ ವರ್ಗೀಕರಣ ಮಾಡದೆ, ಫೋನಿನ ಕಡೆಯಿಂದ ಡೇಟಾ ಹೋಗಿ ಬಂತೇ ಎಂಬುದರ ಮೇಲೆ ಮಾಡಿ. ಎಷ್ಟು ಸಲ ಮಾಡಬೇಕೆಂಬುದಕ್ಕೆ ಸರಳ ಲೆಕ್ಕವಿದೆ: ಪತ್ತೆಯಾಗದ ಪಾಲು ಸಾವಿರಕ್ಕೊಂದಕ್ಕಿಂತ ಕಡಿಮೆ ಎಂದು ನೂರಕ್ಕೆ 95ರಷ್ಟು ವಿಶ್ವಾಸದಿಂದ ಹೇಳಬೇಕಾದರೆ, ಒಂದೂ ತಪ್ಪಿಸಿಕೊಳ್ಳದೆ ಸುಮಾರು 3,000 ದೋಷಗಳು ಪತ್ತೆಯಾಗಬೇಕು. ಮೊದಲ ಇನ್ನೂರರಲ್ಲೇ ತಪ್ಪಿಸಿಕೊಂಡವು ಸಿಗುತ್ತವೆಂದು ನಾನು ನಿರೀಕ್ಷಿಸುತ್ತೇನೆ. ಸಿಕ್ಕಾಗ ಮುಂದಕ್ಕೆ ಓಡದೆ, ಆ ಒಂದೊಂದನ್ನೂ ಯಾವ ಚರಾಂಶದಲ್ಲಿ ಹುಟ್ಟಿ ಎಲ್ಲಿ ಮರೆಯಾಯಿತೆಂದು ಕೊನೆಯವರೆಗೂ ಹಿಂಬಾಲಿಸಿ. ನಿಮ್ಮ ಮೊದಲ ಅಧ್ಯಾಯದ ವಸ್ತು ಅವುಗಳಲ್ಲೇ ಇರುತ್ತದೆ.