ಮೂವರೂ ಟ್ರಂಪ್ ಕಡೆಯವರೇ, ಎಚ್-1ಬಿಗೆ ಮಾತ್ರ ಜಗಳ ಏಕೆ?

ಪ್ರಶ್ನೆ: 2024ರ ಡಿಸೆಂಬರ್‌ನಲ್ಲಿ ಉದ್ಯಮಿಗಳಾದ ಇಲಾನ್ ಮಸ್ಕ್, ವಿವೇಕ್ ರಾಮಸ್ವಾಮಿ ಹೊರದೇಶದ ನುರಿತ ಕೆಲಸಗಾರರಿಗೆ ಅಮೆರಿಕ ಕೊಡುವ ಎಚ್-1ಬಿ ವೀಸಾ ಪರ ನಿಂತರು, ಟ್ರಂಪ್ ಅವರ ಮಾಜಿ ಸಲಹೆಗಾರ ಸ್ಟೀವ್ ಬ್ಯಾನನ್ ಕೂಡದೆಂದರು. ಇವರಲ್ಲಿ ಅಸಲಿ ಕನ್ಸರ್ವೇಟಿವ್ ಯಾರು?

ಉತ್ತರ: ಕನ್ಸರ್ವೇಟಿವ್ ಎಂಬುದನ್ನು ‘ಸಂಪ್ರದಾಯವಾದಿ’ ಎಂದು ಓದಿಕೊಂಡರೆ ಅಲ್ಲೇ ಎಡವುತ್ತೇವೆ. 1955ರಲ್ಲಿ ವಿಲಿಯಂ ಬಕ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಶುರು ಮಾಡಿದಾಗ ಸುತ್ತ ಸೇರಿದವರಲ್ಲಿ ಮೂರು ಬಗೆ. ಧರ್ಮ, ಕುಟುಂಬ, ಹಿರೀಕರ ಕಟ್ಟುಪಾಡು ಮುಖ್ಯವೆಂದ ರಸೆಲ್ ಕರ್ಕ್‌ನಂಥವರು. ಸರ್ಕಾರ ಮಾರುಕಟ್ಟೆಯ ತಂಟೆಗೆ ಬರಬಾರದೆಂದವರು. ಜೇಮ್ಸ್ ಬರ್ನ್‌ಹ್ಯಾಂ ಅವರಂತೆ ಎಡದಿಂದ ಬಂದು ಕಮ್ಯುನಿಸಂ ವಿರೋಧವನ್ನೇ ಉಸಿರಾಡಿದವರು. ಮಾರುಕಟ್ಟೆಯವರ ಗುರು ಹಯೆಕ್ ಅಂತೂ ತಾನೇಕೆ ಕನ್ಸರ್ವೇಟಿವ್ ಅಲ್ಲ ಎಂದು 1960ರಲ್ಲಿ ಪ್ರಬಂಧವನ್ನೇ ಬರೆದರು!

ಇವರನ್ನು ಬೆಸೆದ ವಾದ ಫ್ರಾಂಕ್ ಮೇಯರ್ ಅವರದು. ಬಲವಂತದಿಂದ ಬಂದ ಸದ್ಗುಣ ಸದ್ಗುಣವಲ್ಲ, ಆದ್ದರಿಂದ ಸ್ವಾತಂತ್ರ್ಯ ಬೇಕು. ಆ ಸ್ವಾತಂತ್ರ್ಯಕ್ಕೆ ದಿಕ್ಕು ತೋರಲು ಸಂಪ್ರದಾಯ ಬೇಕು. ಇದಕ್ಕೆ ‘ಫ್ಯೂಷನಿಸಂ’ ಎಂದು ಹೆಸರು ಬಿತ್ತು. ವಾದ ಚೆನ್ನಾಗಿಯೇ ಇದೆ, ಆದರೆ ಅಸಲಿ ಅಂಟು ಸೋವಿಯತ್ ಭಯ.

ಆ ಭಯ ಇರುವಾಗಲೇ ಬಿರುಕು ಕಂಡಿತ್ತು. 1981ರಲ್ಲಿ ಮಾನವಿಕ ವಿಷಯಗಳಿಗೆ ಹಣ ಕೊಡುವ ಸರ್ಕಾರಿ ಸಂಸ್ಥೆಯ ಮುಖ್ಯಸ್ಥ ಹುದ್ದೆಗೆ ಎಂ.ಇ. ಬ್ರಾಡ್‌ಫರ್ಡ್ ಹೆಸರು ಬಂತು. ಅಮೆರಿಕದ ದಕ್ಷಿಣ ಭಾಗದ ಈ ಪ್ರಾಧ್ಯಾಪಕ ಲಿಂಕನ್‌ರ ಕಟು ಟೀಕಾಕಾರ. ಅರ್ವಿಂಗ್ ಕ್ರಿಸ್ಟಲ್ ಮುಂತಾದ ನಿಯೋಕನ್ಸರ್ವೇಟಿವ್‌ಗಳು, ಅಂದರೆ ಎಡದಿಂದ ಬಲಕ್ಕೆ ಬಂದ ‘ಹೊಸ’ ಕನ್ಸರ್ವೇಟಿವ್‌ಗಳು, ಅಡ್ಡ ನಿಂತರು. ಹುದ್ದೆ ವಿಲಿಯಂ ಬೆನೆಟ್ ಪಾಲಾಯಿತು. ಕುರ್ಚಿ ಸಣ್ಣದು, ಹಗೆ ಮಾತ್ರ ಇಂದಿಗೂ ಆರಿಲ್ಲ. ಸೋತ ಕಡೆಯವರಿಗೆ ‘ಪೇಲಿಯೊ’ (ಹಳೆಯ) ಕನ್ಸರ್ವೇಟಿವ್ ಎಂಬ ಹಣೆಪಟ್ಟಿ ಅಂಟಿತು. 1991ರಲ್ಲಿ ಸೋವಿಯತ್ ಒಕ್ಕೂಟವೂ ಕುಸಿಯಿತು. ಮರುವರ್ಷವೇ ಪ್ಯಾಟ್ ಬುಕ್ಯಾನನ್ ತಮ್ಮದೇ ಪಕ್ಷದ ಅಧ್ಯಕ್ಷ ಹಿರಿಯ ಬುಷ್ ವಿರುದ್ಧ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ ಇಳಿದರು: ವಲಸೆ ತಗ್ಗಲಿ, ನಮ್ಮ ಕಾರ್ಖಾನೆ ಉಳಿಯಲಿ, ಪರದೇಶದ ಯುದ್ಧ ಬೇಡ. ಬ್ಯಾನನ್ ಆಡುತ್ತಿರುವುದು ಇದೇ ಮಾತು. ಮಸ್ಕ್, ರಾಮಸ್ವಾಮಿ ಈ ವಿಷಯದ ಮಟ್ಟಿಗೆ ಮಾರುಕಟ್ಟೆಯವರ ಸಾಲಿಗೆ ಸೇರುತ್ತಾರೆ.

ಯಾರು ಯಾವ ಬಣ ಎಂದು ತಿಳಿಯಲು ಹಣೆಪಟ್ಟಿ ನಂಬಬೇಡಿ. ಆಮದು ಸುಂಕ, ಹೊರದೇಶದ ಯುದ್ಧ, ವಲಸೆ, ಈ ಮೂರರ ಬಗ್ಗೆ ಏನೆನ್ನುತ್ತಾರೆ ನೋಡಿ. ಗರ್ಭಪಾತದ ನಿಲುವು ಈ ಜಗಳದಲ್ಲಿ ಅಷ್ಟಾಗಿ ಸುಳಿವು ಕೊಡದು. ಟ್ರಂಪ್ ಅವರನ್ನಂತೂ ಒಂದೇ ಬಣಕ್ಕೆ ಕಟ್ಟಿಹಾಕಲಾಗದು. ಆ ಡಿಸೆಂಬರ್‌ನಲ್ಲಿ ವೀಸಾ ಒಳ್ಳೆಯದೆಂದು ಮಸ್ಕ್ ಪರ ವಾಲಿದ್ದ ಅವರೇ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಹೇರುವ ಆದೇಶಕ್ಕೆ ಸಹಿ ಹಾಕಿದರು.